ಒಂಬತ್ತು ಮಂದಿ ಮತ್ತೆ ನಲವತ್ತಾಗುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 63. ಯುದ್ಧ ನಿಲ್ಲಲಿ, ಮಾತುಕತೆ ನಡೆಯಲಿ ಎಂಬ ಒಂದೇ ಬೇಡಿಕೆಯಿಟ್ಟುಕೊಂಡು ನಾವು ಕೆಲವರು ತಿಂಗಳ ಮೊದಲ ಶನಿವಾರ ಸಂಜೆ ಜಯದೇವ ವೃತ್ತದ ಬಳಿ ಮೇಣದಬತ್ತಿ ಹಿಡಿದು ಅರ್ಧ ಗಂಟೆ ಮೌನವಾಗಿ ನಿಲ್ಲುತ್ತಿದ್ದೆವು. ನಲವತ್ತು ಜನ ಸೇರುತ್ತಿದ್ದರು. ಎರಡು ತಿಂಗಳ ಹಿಂದೆ ಠಾಣೆಯವರು ಅನುಮತಿ ಇಲ್ಲವೆಂದು ಬಾಯಿಮಾತಿನಲ್ಲಿ ಹೇಳಿದರು. ನಮ್ಮ ಜೊತೆಗಿದ್ದ ಇಬ್ಬರು ಹುಡುಗರನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಕಳೆದ ಬಾರಿ ಬಂದವರು ಒಂಬತ್ತೇ ಮಂದಿ. ಜನರಿಗೆ ಕಾಳಜಿಯೇ ಇಲ್ಲವೇನೋ ಎನಿಸುತ್ತಿದೆ. ಇದನ್ನು ನಿಲ್ಲಿಸಬೇಕೆ? ಮುಂದುವರಿಸುವುದಾದರೆ ಜನರನ್ನು ಮತ್ತೆ ಸೇರಿಸುವುದು ಹೇಗೆ? ಆ ಹುಡುಗರು ಇನ್ನು ಬರಬಹುದೇ?

ಉತ್ತರ:

ಮಾನ್ಯರೇ,

ಜನರಿಗೆ ಕಾಳಜಿ ಇಲ್ಲವೆಂಬ ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಎರಡು ತಿಂಗಳ ಹಿಂದೆ ಸಂಜೆ ಹೊತ್ತು ಮನೆಗೆಲಸ, ಅಂಗಡಿ, ಟ್ಯೂಷನ್ ಬಿಟ್ಟು ಬಂದು ನಿಂತವರು ಅವರೇ. ಮೂವತ್ತೊಂದು ಮಂದಿ ಈಗ ಮನೆಯಲ್ಲಿ ಉಳಿದಿದ್ದರೆ, ಬಂದರೆ ಏನಾಗುತ್ತದೆಂಬುದು ಅವರಿಗೆ ಗೊತ್ತಿಲ್ಲ, ಆಗುವುದೇನಿದ್ದರೂ ತಮ್ಮೊಬ್ಬರ ತಲೆಯ ಮೇಲೆಯೇ ಬೀಳುತ್ತದೆಂಬ ಅನುಮಾನ ಅವರಿಗಿದೆ. ಅಂಗಡಿಯವರಿಗೆ ಲೈಸೆನ್ಸಿನ ಚಿಂತೆ, ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ನೇಮಕದ ಚಿಂತೆ, ವಿದೇಶಕ್ಕೆ ಹೋಗಬೇಕೆಂದಿರುವ ಹುಡುಗನಿಗೆ ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ನಿನ ಚಿಂತೆ. ನಲವತ್ತು ವರ್ಷ ಚಿತ್ರದುರ್ಗ, ದಾವಣಗೆರೆಯ ನ್ಯಾಯಾಲಯಗಳಲ್ಲಿ ಚಳವಳಿಗಾರರ ಪರ ವಕಾಲತ್ತು ಹಾಕಿದ ನನ್ನ ಅನುಭವದಲ್ಲಿ, ಲಾಠಿ ಏಟು ತಿಂದು ಹಿಂದೆ ಸರಿದವರಿಗಿಂತ ಈ ಲೆಕ್ಕ ಸಿಗದ ಭಯಕ್ಕೆ ಹಿಂದೆ ಸರಿದವರೇ ಹೆಚ್ಚು. ಆದ್ದರಿಂದ ನಿಮ್ಮ ಮುಂದಿನ ಎರಡು ತಿಂಗಳ ಕೆಲಸವೆಂದರೆ ಆ ಭಯಕ್ಕೆ ಒಂದು ಲೆಕ್ಕ ಕೊಡುವುದು ಮತ್ತು ಲೆಕ್ಕಕ್ಕೆ ಸಿಕ್ಕಿದ್ದನ್ನು ಎಲ್ಲರೂ ಹಂಚಿಕೊಳ್ಳುವಂತೆ ಏರ್ಪಾಡು ಮಾಡುವುದು. ಕಾಗದದ ಕೆಲಸದಿಂದ ಆರಂಭಿಸೋಣ. ಬೇಸರದ ಕೆಲಸವಾದರೂ ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಬಾಯಿಮಾತಿನ ನಿರಾಕರಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಬಹಳ ಕಷ್ಟ. ಬಾಯಿಮಾತಿನಲ್ಲೇ ಮುಗಿಸುವುದರ ಅನುಕೂಲವೂ ಅದೇ. ಮುಂದಿನ ಕಾರ್ಯಕ್ರಮಕ್ಕೆ ಕನಿಷ್ಠ ಹತ್ತು ದಿನ ಮೊದಲು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅರ್ಜಿ ಬರೆಯಿರಿ, ಪ್ರತಿಗಳನ್ನು ಜಿಲ್ಲಾಧಿಕಾರಿಗಳಿಗೂ ಠಾಣೆಗೂ ಕೊಡಿ. ದಿನ, ವೇಳೆ, ಅಂದಾಜು ಸಂಖ್ಯೆ, ಧ್ವನಿವರ್ಧಕ ಇಲ್ಲ, ರಸ್ತೆಗೆ ಇಳಿಯುವುದಿಲ್ಲ, ಪಾದಚಾರಿ ಮಾರ್ಗದಲ್ಲಿ ಮಾತ್ರ ನಿಲ್ಲುತ್ತೇವೆ, ಜವಾಬ್ದಾರಿ ಹೊತ್ತ ಇಬ್ಬರ ಹೆಸರು ಇಂಥವು, ಇಷ್ಟೇ ಸಾಕು. ಜಯದೇವ ವೃತ್ತದಲ್ಲಿ ಸಂಚಾರಕ್ಕೆ ಅಡ್ಡಿಯೆಂಬ ಉತ್ತರ ಬರುವುದು ಖಚಿತವಾದ್ದರಿಂದ ಪರ್ಯಾಯವಾಗಿ ಇನ್ನೆರಡು ಜಾಗಗಳನ್ನು ನೀವೇ ಸೂಚಿಸಿಬಿಡಿ. ಟಪಾಲು ವಿಭಾಗದಲ್ಲಿ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿ. ಮುದ್ರೆ ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಅರ್ಜಿಯ ಕೊನೆಯಲ್ಲಿ, ಅನುಮತಿ ನಿರಾಕರಿಸುವುದಾದರೆ ಕಾರಣಸಹಿತ ಹಿಂಬರಹ (ಲಿಖಿತ ಉತ್ತರ) ನೀಡಬೇಕೆಂದು ಸ್ಪಷ್ಟವಾಗಿ ಕೇಳಿ. ಹಿಂಬರಹ ಬರೆಯಬೇಕಾದಾಗ ಕಾರಣ ಹುಡುಕಬೇಕಾಗುತ್ತದೆ, ಕಾರಣ ಹುಡುಕುವ ಹೊತ್ತಿಗೆ ಎಷ್ಟೋ ಅಧಿಕಾರಿಗಳು ಅನುಮತಿ ಕೊಡುವುದೇ ಸುಲಭವೆಂದುಕೊಳ್ಳುತ್ತಾರೆ. ಇದು ನಾನು ಅನೇಕ ಬಾರಿ ಕಂಡ ಸಂಗತಿ.

ಅನುಮತಿ ಕೇಳುವುದೇ ತಪ್ಪು, ಅದು ನಮ್ಮ ಹಕ್ಕು ಎಂದು ವಾದಿಸುವ ಮಿತ್ರರು ನಿಮ್ಮಲ್ಲೂ ಇರಬಹುದು. ಆಯುಧಗಳಿಲ್ಲದೆ ಶಾಂತಿಯುತವಾಗಿ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿರುವುದು ನಿಜ. ಅದೇ ವಿಧಿ ಸಮಂಜಸವಾದ ನಿರ್ಬಂಧಗಳಿಗೂ ಅವಕಾಶ ಕೊಟ್ಟಿದೆ, ಮೆರವಣಿಗೆ ಮತ್ತು ಸಭೆಗಳನ್ನು ನಿಯಂತ್ರಿಸುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಇದೆ. ಬೀದಿಯಲ್ಲಿ ಸಭೆ ಸೇರುವುದನ್ನು ಸರ್ಕಾರ ಕ್ರಮಬದ್ಧಗೊಳಿಸಬಹುದೇ ಹೊರತು, ಯಾವ ಮಾನದಂಡವೂ ಇಲ್ಲದೆ ಅಧಿಕಾರಿಯ ಇಷ್ಟಕ್ಕೆ ಬಿಟ್ಟು ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಹಿಮ್ಮತ್ ಲಾಲ್ ಶಾ ಪ್ರಕರಣದಲ್ಲಿ 1972ರಷ್ಟು ಹಿಂದೆಯೇ ಹೇಳಿತು. ಶಾಹೀನ್ ಬಾಗ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಳ್ಳುವಂತಿಲ್ಲ ಎಂದೂ ಹೇಳಿತು. ಪಾದಚಾರಿ ಮಾರ್ಗದಲ್ಲಿ ಅರ್ಧ ಗಂಟೆ ಮೌನವಾಗಿ ನಿಲ್ಲುವ ನಿಮ್ಮ ಕಾರ್ಯಕ್ರಮ ಈ ಎರಡೂ ತೀರ್ಪುಗಳ ನಡುವೆ ನೆಮ್ಮದಿಯಾಗಿ ಕೂರುತ್ತದೆ. ಅದನ್ನು ಅಲ್ಲಿಯೇ ಇರಿಸಿಕೊಳ್ಳಿ.

ಉತ್ತರವಾಗಿ ನಿಷೇಧಾಜ್ಞೆ ಜಾರಿಯಲ್ಲಿದೆ ಎಂದರೆ ಆದೇಶದ ಪ್ರತಿ ಕೇಳಿ. ಹಳೆಯ 144ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಹೆಸರು ಬದಲಾದರೂ ತಿರುಳು ಹೆಚ್ಚೇನೂ ಬದಲಾಗಿಲ್ಲ. ಆದೇಶ ಲಿಖಿತವಾಗಿರಬೇಕು, ಸಂಗತಿಗಳನ್ನು ಹೇಳಬೇಕು, ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಜಾರಿಯಲ್ಲಿರುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲದ್ದರಿಂದ ಅದನ್ನು ಹೊರಡಿಸಬೇಕಾದವರು ಜಿಲ್ಲಾಧಿಕಾರಿ ಅಥವಾ ಅಧಿಕಾರವುಳ್ಳ ಬೇರೆ ಕಾರ್ಯಾಂಗ ದಂಡಾಧಿಕಾರಿ. ಠಾಣೆಯವರಿಗೆ ಆ ಅಧಿಕಾರವಿಲ್ಲ. ಆದೇಶದಿಂದ ಬಾಧಿತರಾದವರು ಅದನ್ನು ರದ್ದುಪಡಿಸುವಂತೆ ಅದೇ ದಂಡಾಧಿಕಾರಿಗೆ ಅರ್ಜಿ ಕೊಡಬಹುದು, ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ನ್ಯಾಯಸಮ್ಮತವಾದ ಅಭಿಪ್ರಾಯವನ್ನೋ ಕುಂದುಕೊರತೆಯನ್ನೋ ಹತ್ತಿಕ್ಕಲು ಈ ಕಲಂ ಬಳಸುವಂತಿಲ್ಲ, ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟಿನ ತೀರ್ಪಾಗಿದೆ. ಬೆಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆಯನ್ನು ನಮ್ಮ ಹೈಕೋರ್ಟೇ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರವೆಂದು ಘೋಷಿಸಿತು. ಆ ತೀರ್ಪು ಬರುವ ಹೊತ್ತಿಗೆ ಆಜ್ಞೆಯ ಅವಧಿ ಮುಗಿದು, ಅದನ್ನು ಮೀರಿದವರನ್ನು ವಶಕ್ಕೆ ಪಡೆದು ಬಿಟ್ಟೂ ಆಗಿತ್ತೆಂಬುದನ್ನು ಮರೆಯುವಂತಿಲ್ಲ. ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ, ಆದರೆ ನಮ್ಮ ಶನಿವಾರಕ್ಕೆ ಸರಿಯಾಗಿ ತೆರೆಯುವುದು ಅಪರೂಪ. ಅಂದಹಾಗೆ, ಧಾರವಾಡ ಹತ್ತಿರವೆನಿಸಿದರೂ ದಾವಣಗೆರೆಯವರು ರಿಟ್ ಅರ್ಜಿಗೆ ಹೋಗಬೇಕಾದದ್ದು ಬೆಂಗಳೂರಿನ ಪ್ರಧಾನ ಪೀಠಕ್ಕೆ; ಖರ್ಚಿನ ಅಂದಾಜು ಹಾಕುವಾಗ ಇದೂ ನೆನಪಿರಲಿ.

ಇನ್ನು ಭಯದ ಲೆಕ್ಕ. ಒಂದು ಭಾನುವಾರ ನಿಮ್ಮ ನಲವತ್ತು ಮಂದಿಯನ್ನೂ ಯಾರದಾದರೂ ಮನೆಯ ಜಗುಲಿಯಲ್ಲಿ ಕೂರಿಸಿ, ಒಬ್ಬ ವಕೀಲರನ್ನು ಕರೆಸಿ, ಕೆಟ್ಟದ್ದೆಂದರೆ ಏನೇನು ಆಗಬಹುದೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಸಿ. ಅನುಮತಿಯಿಲ್ಲದೆ ನಿಂತರೆ ಬಹುಮಟ್ಟಿಗೆ ಆಗುವುದು ಮುಂಜಾಗ್ರತಾ ಕ್ರಮವಾಗಿ ವಶಕ್ಕೆ ಪಡೆದು ಸಂಜೆಯೋ ರಾತ್ರಿಯೋ ಬಿಡುವುದು. ಬೇರೆ ಕಾನೂನಿನ ಆಧಾರವಿಲ್ಲದಿದ್ದರೆ ಇದು 24 ಗಂಟೆ ಮೀರುವಂತಿಲ್ಲ. ಅಧಿಕಾರಿಯ ಆದೇಶ ಮೀರಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾಯ್ದೆ) 223ನೇ ಕಲಂ ಹಾಕಬಹುದು. ಅದಕ್ಕೆ ಸಾಮಾನ್ಯವಾಗಿ ಆರು ತಿಂಗಳವರೆಗಿನ ಸಾದಾ ಸಜೆ ಅಥವಾ 2,500 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡದೆ ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲವಾದ್ದರಿಂದ ಇಂಥ ಪ್ರಕರಣಗಳು ಎಷ್ಟೋ ಬಾರಿ ನಿಲ್ಲುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಸಮುದಾಯಗಳ ನಡುವೆ ದ್ವೇಷ ಬಿತ್ತುವ 196ನೇ ಕಲಂ, ದೇಶದ ಸಾರ್ವಭೌಮತ್ವಕ್ಕೆ ಧಕ್ಕೆ ತರುವ 152ನೇ ಕಲಂ, ಮತ್ತು ಜಾಮೀನನ್ನೇ ದುಸ್ತರಗೊಳಿಸುವ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ. ಸರ್ಕಾರದ ಕ್ರಮಗಳನ್ನು ಕಾನೂನುಬದ್ಧವಾಗಿ ಬದಲಿಸುವ ಉದ್ದೇಶದಿಂದ ಟೀಕಿಸುವುದು ಅಪರಾಧವಲ್ಲವೆಂದು 152ರ ವಿವರಣೆಯೇ ಹೇಳುತ್ತದೆ. ಸರ್ಕಾರದ ನಿರ್ಧಾರವನ್ನು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಖಂಡಿಸಿದ್ದ ಪ್ರಾಧ್ಯಾಪಕರೊಬ್ಬರ ಮೇಲಿನ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದುಮಾಡಿತು. ಕವಿತೆಯೊಂದನ್ನು ಹಂಚಿಕೊಂಡದ್ದಕ್ಕೆ ಸಂಸದರೊಬ್ಬರ ಮೇಲೆ ದಾಖಲಾಗಿದ್ದ ಎಫ್‌ಐಆರ್ 2025ರ ಮಾರ್ಚ್‌ನಲ್ಲಿ ರದ್ದಾಯಿತು. ಇಬ್ಬರೂ ಗೆದ್ದರು, ಗೆಲ್ಲಲು ದೆಹಲಿಯವರೆಗೆ ಹೋಗಬೇಕಾಯಿತು. ನಿಮ್ಮ ಫಲಕಗಳಲ್ಲಿ ಒಂದೇ ವಾಕ್ಯವಿರಲಿ, ಅದು ಮುಂಚೆಯೇ ಎಲ್ಲರೂ ಕೂತು ಒಪ್ಪಿದ ವಾಕ್ಯವಾಗಿರಲಿ, ಅಂದು ಹೊಸದಾಗಿ ಬಂದು ಘೋಷಣೆ ಕೂಗಲು ಹೊರಟವರನ್ನು ಮೆಲ್ಲನೆ ಪಕ್ಕಕ್ಕೆ ಕರೆದೊಯ್ಯುವ ಕೆಲಸವನ್ನು ಇಬ್ಬರಿಗೆ ವಹಿಸಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಈ ಲೆಕ್ಕ ಕೇಳಿದ ಮೇಲೆ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ. ಉಳಿದವರಿಗೆ ತಾವು ಒಪ್ಪಿಕೊಂಡದ್ದು ಏನೆಂದು ಗೊತ್ತಿರುತ್ತದೆ. ಅವರ ನಡುವೆ ಹೊರೆ ಹಂಚಿ: ಯಾರನ್ನಾದರೂ ವಶಕ್ಕೆ ಪಡೆದರೆ ಠಾಣೆಗೆ ಹೋಗುವ ವಕೀಲರು ಯಾರು, ಮನೆಗೆ ಸುದ್ದಿ ಮುಟ್ಟಿಸುವವರು ಯಾರು, ಸಕ್ಕರೆ ಕಾಯಿಲೆಯವರ ಮಾತ್ರೆ ಯಾರ ಕೈಯಲ್ಲಿರುತ್ತದೆ, ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರು. ವಕಾಲತ್ತಿಗೆ ಮುಂಚೆಯೇ ಸಹಿ ಆಗಿರಲಿ. ಬಡವರಿಗೆ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿದೆ; 15100 ಅದರ ಸಹಾಯವಾಣಿ. ಅಸಾಧಾರಣ ಸಂದರ್ಭದಲ್ಲಿ, ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದ ಹೊರತು ಸೂರ್ಯಾಸ್ತದ ನಂತರ ಮಹಿಳೆಯರನ್ನು ಬಂಧಿಸುವಂತಿಲ್ಲ. ಸಾಕ್ಷಿಯಾಗಿ ವಿಚಾರಿಸುವ ನೆಪದಲ್ಲಿ ಮಹಿಳೆಯರನ್ನಾಗಲಿ 60 ದಾಟಿದವರನ್ನಾಗಲಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರ ಮನೆಗೇ ಬಂದು ಕೇಳಬೇಕು. ನೀವು ಎರಡೂ ಕಾರಣಕ್ಕೆ ಈ ರಕ್ಷಣೆಯ ಒಳಗಿದ್ದೀರಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ಚಿತ್ರದುರ್ಗದಲ್ಲಿ ನಾವು ಇಂಥದ್ದೇ ಒಂದು ಸದ್ಭಾವನಾ ಸಭೆ ನಡೆಸಿದಾಗ, ಬಂದವರ ಹೆಸರು, ವಿಳಾಸ, ಕೆಲಸದ ಸ್ಥಳವನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಂಡು ಮೇಜಿನ ಮೇಲೆ ಇಟ್ಟಿದ್ದೆ. ದೊಡ್ಡ ಸಂಖ್ಯೆ ತೋರಿಸುವ ಚಪಲ. ಸಭೆ ಮುಗಿಯುವಷ್ಟರಲ್ಲಿ ಹಾಳೆ ಇರಲಿಲ್ಲ. ಮುಂದಿನ ವಾರ ಅದರಲ್ಲಿದ್ದ ಹಲವರಿಗೆ ಕೆಲಸದ ಜಾಗದಲ್ಲೇ ವಿಚಾರಣೆಯ ಕರೆಗಳು ಬಂದವು, ನಮ್ಮ ಎರಡನೆಯ ಸಭೆ ನಡೆಯಲೇ ಇಲ್ಲ. ಇಂದಿನ ವಾಟ್ಸಾಪ್ ಗುಂಪು ಆ ಹಾಳೆಗಿಂತ ಅಪಾಯಕಾರಿ, ಸದಸ್ಯರೆಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ, ಒಂದು ಸ್ಕ್ರೀನ್‌ಶಾಟಿಗೆ ಎಲ್ಲವೂ ಹೊರಬೀಳುತ್ತದೆ. ಗುಂಪು ಮುಚ್ಚಿ. ಎಂಟು ಮಂದಿ ತಲಾ ಐವರಿಗೆ ಮುಖತಃ ಹೇಳಿದರೆ ನಲವತ್ತಾಗುತ್ತದೆ. ನಿಮ್ಮಲ್ಲಿ ಗುಟ್ಟೇನೂ ಇಲ್ಲ, ಇರಲೂಬಾರದು. ಆದರೆ ಬಂದವರ ಹೆಸರುಗಳನ್ನು ಊರಿಗೆಲ್ಲ ಹಂಚುವ ಹಕ್ಕು ನಮಗಿಲ್ಲ.

ಜನರನ್ನು ಮರಳಿ ಕರೆತರುವುದು ಹೇಗೆಂಬ ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ, ಎಲ್ಲರಿಂದಲೂ ಒಂದೇ ಬಗೆಯ ಧೈರ್ಯವನ್ನು ಕೇಳಬೇಡಿ ಎಂಬುದು. ಚಿಲಿ ದೇಶದಲ್ಲಿ ಪಿನೊಚೆಯ ಸೇನಾಡಳಿತವಿದ್ದಾಗ, 1983ರ ಮೇ 11ಕ್ಕೆ ತಾಮ್ರದ ಗಣಿ ಕಾರ್ಮಿಕರು ಮುಷ್ಕರಕ್ಕೆ ಕರೆ ಕೊಟ್ಟಿದ್ದರು. ಸೇನೆ ಗಣಿಗಳನ್ನು ಸುತ್ತುವರಿದಾಗ ರಕ್ತಪಾತವಾಗುವುದೆಂದು ಕಂಡು ಅವರು ಮುಷ್ಕರ ಕೈಬಿಟ್ಟು, ಅಂದು ವಾಹನಗಳನ್ನು ನಿಧಾನವಾಗಿ ಓಡಿಸಿ, ರಾತ್ರಿ ಎಂಟಕ್ಕೆ ಮನೆಯಲ್ಲಿದ್ದುಕೊಂಡೇ ಪಾತ್ರೆ ಬಡಿಯಿರಿ ಎಂದು ಊರಿಗೆಲ್ಲ ಹೇಳಿಕಳುಹಿಸಿದರು. ಎಂಟು ಗಂಟೆಗೆ ರಾಜಧಾನಿಯ ಕೇರಿಕೇರಿಯಲ್ಲೂ ಪಾತ್ರೆಗಳ ಸದ್ದು ಎದ್ದಾಗ, ಹತ್ತು ವರ್ಷ ತಾನೊಬ್ಬನೇ ಅತೃಪ್ತನೆಂದು ತಿಳಿದಿದ್ದವನಿಗೆ ಪಕ್ಕದ ಮನೆಯವನೂ ಹಾಗೆಯೇ ಇದ್ದಾನೆಂಬುದು ಗೊತ್ತಾಯಿತು. ಅಡುಗೆಮನೆಯಲ್ಲಿ ನಿಂತು ಪಾತ್ರೆ ಬಡಿದವರನ್ನು ಬಂಧಿಸಲು ಎಷ್ಟು ಪೊಲೀಸರು ಬೇಕು ಹೇಳಿ.

ಅರ್ಜೆಂಟಿನಾದ ತಾಯಂದಿರ ಕಥೆ ಇದಕ್ಕೂ ಹತ್ತಿರದ್ದು. ಸೇನಾಡಳಿತ ಕಾಣೆಯಾಗಿಸಿದ ಮಕ್ಕಳನ್ನು ಕೇಳಲು 1977ರ ಏಪ್ರಿಲ್ 30ರಂದು ಹದಿನಾಲ್ಕು ಹೆಂಗಸರು ಬ್ಯೂನಸ್ ಐರಿಸ್‌ನ ಪ್ಲಾಜಾ ದೆ ಮಾಯೊ ಚೌಕಕ್ಕೆ ಬಂದರು. ಗುಂಪುಗೂಡುವಂತಿಲ್ಲ, ನಡೆಯಿರಿ ಎಂದು ಪೊಲೀಸರು ಗದರಿದಾಗ ಅವರು ನಿಜಕ್ಕೂ ನಡೆದರು: ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ಚೌಕದ ಸ್ತಂಭದ ಸುತ್ತ ಸುತ್ತತೊಡಗಿದರು. ನಿಷೇಧದ ಮಾತೇ ಅವರ ಚಳವಳಿಯ ರೂಪವಾಯಿತು. ಇದಕ್ಕೆ ಅವರು ತೆತ್ತ ಬೆಲೆಯನ್ನೂ ಹೇಳಬೇಕು. ಸಂಬಂಧಿಕನ ಸೋಗಿನಲ್ಲಿ ಒಳಸೇರಿದ್ದ ನೌಕಾ ಅಧಿಕಾರಿಯೊಬ್ಬನ ಸುಳಿವಿನಿಂದ ಅದೇ ವರ್ಷದ ಡಿಸೆಂಬರ್‌ನಲ್ಲಿ ಸ್ಥಾಪಕಿಯರಲ್ಲಿ ಮೂವರು ಅಪಹರಣಗೊಂಡು ಕೊಲೆಯಾದರು. ನಮ್ಮಲ್ಲಿ ಪರಿಸ್ಥಿತಿ ಆ ಮಟ್ಟದ್ದಲ್ಲ, ಹೋಲಿಕೆಯನ್ನು ಅತಿ ಮಾಡಬಾರದು.

ದೂರದ ಊರುಗಳೇಕೆ, 1939ರಲ್ಲಿ ಚಿತ್ರದುರ್ಗದ ಪಕ್ಕದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ನಡೆದ ಅರಣ್ಯ ಸತ್ಯಾಗ್ರಹದಲ್ಲಿ ರೈತರು ಮಾಡಿದ್ದು ಈಚಲು ಮರ ಕಡಿಯುವ ಕೆಲಸ. ಅದಕ್ಕೆ ಭಾಷಣಕಲೆ ಬೇಕಿರಲಿಲ್ಲ, ಮನೆಯಲ್ಲಿದ್ದ ಕೊಡಲಿ ಸಾಕಿತ್ತು. ನಿಮ್ಮ ಮೇಣದಬತ್ತಿ ಓದಿದವರ ಕೈಗೆ ಒಗ್ಗಿದ ವಸ್ತುವೆಂದು ನನ್ನ ಅನುಮಾನ. ಸಂಜೆ ಏಳಕ್ಕೆ ಮನೆಯ ಕಿಟಕಿಯಲ್ಲಿ ಒಂದು ಹಣತೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಬಿಳಿ ಹೂವು, ರಾಷ್ಟ್ರಪತಿಗಳಿಗೆ ಒಂದು ಅಂಚೆ ಕಾರ್ಡು, ನಿಲ್ಲುವವರಿಗೆ ಚಹಾ ತಂದುಕೊಡುವುದು, ಇವೆಲ್ಲವನ್ನೂ ಪಾಲ್ಗೊಳ್ಳುವಿಕೆಯೆಂದೇ ಎಣಿಸಿ. ವೃತ್ತದಲ್ಲಿ ನಿಲ್ಲುವ ಒಂಬತ್ತು ಮಂದಿಯ ಹಿಂದೆ ನಾನೂರು ಕಿಟಕಿಗಳಿದ್ದರೆ ಆ ಒಂಬತ್ತು ಮಂದಿಯನ್ನು ಮುಟ್ಟುವ ಮುನ್ನ ಯಾರಾದರೂ ಯೋಚಿಸುತ್ತಾರೆ.

ಹೊಸಬರನ್ನು ಹುಡುಕುವುದು ಎಲ್ಲಿ? ಕರಪತ್ರಕ್ಕೆ ಜನ ಬರುವುದಿಲ್ಲ, ಕರೆದವರ ಮುಖ ನೋಡಿ ಬರುತ್ತಾರೆ. ಲೈಬೀರಿಯಾದಲ್ಲಿ 2003ರಲ್ಲಿ ಲೇಮಾ ಬೋವಿ ಮತ್ತು ಸಂಗಾತಿಗಳು ಅಂತರ್ಯುದ್ಧ ನಿಲ್ಲಿಸಲು ಹೊರಟಾಗ ಮೊದಲು ಹೋದದ್ದು ಚರ್ಚು, ಮಸೀದಿ ಮತ್ತು ಸಂತೆಗಳಿಗೆ. ಬಿಳಿ ಅಂಗಿ ತೊಟ್ಟು ಮೀನು ಮಾರುಕಟ್ಟೆಯ ಬಳಿ ದಿನವೂ ಕೂತವರು ಕ್ರೈಸ್ತ ಮತ್ತು ಮುಸ್ಲಿಂ ಮಹಿಳೆಯರು ಒಟ್ಟಾಗಿ. ದಾವಣಗೆರೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಮಂಡಕ್ಕಿ ಭಟ್ಟಿಯ ಹೆಂಗಸರು, ಎಪಿಎಂಸಿಯ ಹಮಾಲರು, ಸ್ವಸಹಾಯ ಸಂಘಗಳು, ಹತ್ತಿ ಗಿರಣಿಗಳ ಕಾಲದ ಕಾರ್ಮಿಕ ಸಂಘಟನೆಯ ನೆನಪು ಇನ್ನೂ ಇರುವ ಮನೆಗಳು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಗಿರಣಿ ಕಾರ್ಮಿಕರೇ ಶಾಸನಸಭೆಗೆ ಕಳುಹಿಸಿದ ಊರು ಇದು. ಸಂಘದ ವಾರದ ಸಭೆಯಲ್ಲಿ ಹತ್ತು ನಿಮಿಷ ಕೇಳಿ, ಯುದ್ಧದಿಂದ ಅಡುಗೆ ಎಣ್ಣೆ, ಗೊಬ್ಬರ, ಪೆಟ್ರೋಲಿನ ಬೆಲೆ ಏನಾಗುತ್ತದೆ ಎಂಬಲ್ಲಿಂದ ಮಾತು ಆರಂಭಿಸಿ. ಅವರು ಮರುಪ್ರಶ್ನೆ ಕೇಳಿದರೆ, ವಾದಕ್ಕಿಳಿದರೆ ಇನ್ನೂ ಒಳ್ಳೆಯದು.

ಅಂದು ಚದುರಿ ಎಂದು ಪೊಲೀಸರು ಹೇಳಿದರೆ ಚದುರಿ. ಇದನ್ನು ಹೇಡಿತನವೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮಂಡ್ಯ ಜಿಲ್ಲೆಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದ ನಾಯಕರು ಜೈಲಿಗೆ ಸಿದ್ಧರಾಗಿ, ಅದನ್ನು ಮೊದಲೇ ಸಾರಿ ಹೋಗಿದ್ದರು. ನಿಮ್ಮ ಗುಂಪಿನ ಗೃಹಿಣಿ ಹಾಗೆ ಹೇಳಿಲ್ಲ. ಅವರ ಪರವಾಗಿ ನಾವು ನಿರ್ಧರಿಸುವಂತಿಲ್ಲ. ಚದುರಿ, ಯಾರು, ಎಷ್ಟು ಹೊತ್ತಿಗೆ, ಯಾವ ಕಾರಣ ಹೇಳಿ ಚದುರಿಸಿದರೆಂದು ಅದೇ ರಾತ್ರಿ ಬರೆದಿಟ್ಟು, ಸೋಮವಾರ ಮೇಲಧಿಕಾರಿಗೆ ದೂರು ಕೊಡಿ. ನಿಲ್ಲಿಸಬೇಕೆ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ಆದರೆ ಒಂದು ತಿಂಗಳು ವೃತ್ತದ ಬದಲು ಕಿಟಕಿಗಳಲ್ಲಿ ನಡೆಸಿ, ಅಷ್ಟರಲ್ಲಿ ಕಾಗದದ ಕೆಲಸ ಮುಗಿಸಿಕೊಳ್ಳಿ.

ಕೊನೆಗೆ ಆ ಇಬ್ಬರು ಹುಡುಗರು. ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳುವ ಅಧಿಕಾರ ಇರುವುದು ಕಾರ್ಯಾಂಗ ದಂಡಾಧಿಕಾರಿಗೆ, ಅದೂ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ನೋಟಿಸ್ ಕೊಟ್ಟು, ಮಾಹಿತಿಯ ಸಾರಾಂಶವನ್ನು ಬರವಣಿಗೆಯಲ್ಲಿ ತಿಳಿಸಿ, ಅವರ ಮಾತು ಕೇಳಿದ ಮೇಲೆ. ಠಾಣೆಯಲ್ಲಿ ಬರೆಸಿಕೊಂಡ ಕಾಗದಕ್ಕೆ ಆ ಬಲವಿಲ್ಲ; ಅದನ್ನು ಬರೆದುಕೊಟ್ಟ ಮಾತ್ರಕ್ಕೆ ಅವರು ಮುಂದೆ ಅನುಮತಿ ಪಡೆದ ಕಾರ್ಯಕ್ರಮಕ್ಕೆ ಬರುವುದು ಅಪರಾಧವಾಗುವುದಿಲ್ಲ. ಆದರೂ ಬರಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ. ಇಬ್ಬರ ಮನೆಗೂ ನೀವೇ ಹೋಗಿ, ತಂದೆತಾಯಿಯರ ಮುಂದೆ ಕೂತು ಮೇಲಿನ ಲೆಕ್ಕವನ್ನೆಲ್ಲ ಹೇಳಿ. ಅವರು ಕಿಟಕಿಯ ಹಣತೆಯನ್ನೇ ಆರಿಸಿಕೊಂಡರೆ ಒಂದು ಮಾತೂ ಆಡದೆ ಒಪ್ಪಿಕೊಳ್ಳಿ. ಮುಂದಿನ ಅರ್ಜಿಯಲ್ಲಿ ಅರ್ಜಿದಾರರ ಹೆಸರು ನಿಮ್ಮದೂ ನಿಮ್ಮ ವಯಸ್ಸಿನ ಇನ್ನೊಬ್ಬರದೂ ಇರಲಿ, ಆ ಹುಡುಗರದ್ದು ಬೇಡ.